ಮುಚ್ಚಿದ ವಿಮಾನ ನಿಲ್ದಾಣ ಮತ್ತೆ ತೆರೆಯಬೇಕೇ? ಮೊದಲು ನಾಲ್ಕನೇ ವರ್ಷದ ಲೆಕ್ಕ ಹೇಳಿ

(ಉಡುಪಿಯಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಂಜೆ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಿಂತು ಮುಚ್ಚಿದ ವಿಮಾನ ನಿಲ್ದಾಣದ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯೇ. ಮುಚ್ಚಲಿಕ್ಕಾದರೂ ನಮ್ಮ ಜಿಲ್ಲೆಯಲ್ಲಿ ಒಂದು ನಿಲ್ದಾಣ ಬೇಕಲ್ಲ! ನಮಗೆಲ್ಲ ಮಂಗಳೂರಿನ ಬಜ್ಪೆ ನಿಲ್ದಾಣವೇ ಗತಿ. ಆದರೆ ಬೈಂದೂರು ಕಡೆ ಒಂದು ಏರ್‌ಪೋರ್ಟ್ ಆಗಬೇಕು ಅನ್ನುವ ಮಾತು ಆಗಾಗ ಏಳುತ್ತದೆ. ಬೇಕು ಅನ್ನುವವರೂ ಬೇಡ ಅನ್ನುವವರೂ ಒಮ್ಮೆ ಕಟ್ಟಿ, ಓಡಿಸಿ, ಆಮೇಲೆ ನಿಂತುಹೋದ ನಿಲ್ದಾಣಗಳ ಕಥೆ ಕೇಳಿಕೊಂಡರೆ ಒಳ್ಳೆಯದು. ಅದಕ್ಕೇ ಇವತ್ತು ಈ ವಿಷಯ.

ವಿಮಾನ ನಿಂತರೆ ಹೇಗಿರುತ್ತದೆ ಅನ್ನುವ ಚಿಕ್ಕ ರುಚಿ ನಮಗೂ ಸಿಕ್ಕಿದೆ. 2023ರ ಆರಂಭದಲ್ಲಿ ಬಜ್ಪೆಯ ರನ್‌ವೇಗೆ ಹೊಸ ಡಾಂಬರು ಹಾಕುವಾಗ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರ ತನಕ ವಿಮಾನ ಇರಲಿಲ್ಲ. ಮಧ್ಯಾಹ್ನದ ವಿಮಾನ ಹಿಡಿದು ಅಭ್ಯಾಸವಾದವರು ಮುಂಜಾನೆ ಮೂರಕ್ಕೆ ಎದ್ದು ಹೊರಡಬೇಕಾಯಿತು. ಟ್ಯಾಕ್ಸಿಯವರ ದಿನಚರಿ ತಲೆಕೆಳಗಾಯಿತು. ಆದರೂ ಅದು ಕೆಲಸ ಮುಗಿದರೆ ಮುಗಿಯುವ ತೊಂದರೆ. ಎಲ್ಲರಿಗೂ ಗೊತ್ತಿತ್ತು. ನಾನು ಹೇಳಹೊರಟಿರುವುದು ಯಾವಾಗ ತೆರೆಯುತ್ತದೆ ಅಂತ ಯಾರಿಗೂ ಗೊತ್ತಿಲ್ಲದ ನಿಲ್ದಾಣಗಳ ವಿಷಯ.

ಒಂದು ದೂರದ ಉದಾಹರಣೆಯಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನ ಡಾಂಕಾಸ್ಟರ್ ಶೆಫೀಲ್ಡ್ ವಿಮಾನ ನಿಲ್ದಾಣ. ಮೊದಲು ಅದು ಫಿನ್ನಿಂಗ್ಲೆ ಅನ್ನುವ ವಾಯುಪಡೆಯ ನೆಲೆ. ಶೀತಲ ಸಮರದ ಕಾಲದಲ್ಲಿ ಬಾಂಬರ್ ವಿಮಾನಗಳಿಗಾಗಿ ಮಾಡಿದ್ದರಿಂದ ರನ್‌ವೇ ಸುಮಾರು 2,900 ಮೀಟರ್ ಉದ್ದ. ನಮ್ಮ ಬಜ್ಪೆಯದು 2,450. ವಾಯುಪಡೆ 1996ರಲ್ಲಿ ಬಿಟ್ಟು ಹೋಯಿತು. ಪೀಲ್ ಅನ್ನುವ ಖಾಸಗಿ ಕಂಪನಿ ಅದನ್ನು 2005ರ ಏಪ್ರಿಲ್‌ನಲ್ಲಿ ಪ್ರಯಾಣಿಕರಿಗೆ ತೆರೆಯಿತು. ಆಗ ಅದರ ಹೆಸರಿನಲ್ಲಿ ರಾಬಿನ್ ಹುಡ್ ಕೂಡ ಸೇರಿದ್ದ. ಅವನ ಹೆಸರಿನ ನಿಲ್ದಾಣದಲ್ಲೇ ದುಡ್ಡು ಹುಟ್ಟಲಿಲ್ಲ, ಇರಲಿ.

2019ರಲ್ಲಿ ಅಲ್ಲಿ ಸುಮಾರು 14 ಲಕ್ಷ ಜನ ಓಡಾಡಿದರು. ಅದೇ ಅದರ ಅತಿ ಹೆಚ್ಚಿನ ಲೆಕ್ಕ. ಆಮೇಲೆ ಕೊರೋನಾ ಬಂತು. 2022ರ ಬೇಸಿಗೆಯಲ್ಲಿ ವಿಜ್ ಏರ್ ಅನ್ನುವ ಏರ್‌ಲೈನ್ ತನ್ನ ನೆಲೆಯನ್ನು ಅಲ್ಲಿಂದ ಕಿತ್ತುಕೊಂಡು ಹೋಯಿತು. ಕೆಲವೇ ವಾರಗಳಲ್ಲಿ ಮಾಲೀಕರು, ಇದನ್ನು ನಡೆಸುವುದು ಕಷ್ಟ, ಮುಂದೇನು ಅಂತ ಯೋಚಿಸುತ್ತೇವೆ ಅಂದರು. ಹೀಗೆ ಯೋಚಿಸುತ್ತೇವೆ ಅಂದರೆ ಏನು ಅರ್ಥ ಅಂತ ನಮಗೆಲ್ಲ ಗೊತ್ತಲ್ಲ. ಆಗ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಪಾರ್ಲಿಮೆಂಟಿನಲ್ಲೇ ನಿಲ್ದಾಣ ಉಳಿಸುವ ಮಾತಾಡಿದರು. ಸ್ಥಳೀಯ ಆಡಳಿತ, ಸ್ವಲ್ಪ ಸಮಯ ನಡೆಸಿ, ನಷ್ಟ ನಾವು ಕಟ್ಟಿಕೊಡುತ್ತೇವೆ ಅಂದಿತು. ಮಾಲೀಕರು ಒಪ್ಪಲಿಲ್ಲ. 2022ರ ನವೆಂಬರ್ ಮೊದಲ ವಾರದಲ್ಲಿ ಕೊನೆಯ ಪ್ರಯಾಣಿಕ ವಿಮಾನ ಬಂದು ಹೋಯಿತು.

ಮುಚ್ಚುವುದಕ್ಕೆ ಕೆಲವು ವಾರ ಸಾಕಾಯಿತು. ತೆರೆಯುವುದನ್ನು ನೋಡಿ. 2024ರ ಮಾರ್ಚ್‌ನಲ್ಲಿ ಡಾಂಕಾಸ್ಟರ್ ನಗರಾಡಳಿತ ಆ ಜಾಗವನ್ನು 125 ವರ್ಷಕ್ಕೆ ಲೀಸಿಗೆ ತೆಗೆದುಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪ್ರಾಂತ್ಯದ ಆಡಳಿತ 16 ಕೋಟಿ ಪೌಂಡ್ ಮಂಜೂರು ಮಾಡಿತು. ನಮ್ಮ ಲೆಕ್ಕದಲ್ಲಿ ಸುಮಾರು 1,900 ಕೋಟಿ ರೂಪಾಯಿ. ಪ್ರಯಾಣಿಕ ವಿಮಾನಕ್ಕೆ ಇಟ್ಟುಕೊಂಡ ಗುರಿ 2028. ರನ್‌ವೇ ಅಲ್ಲೇ ಇದೆ, ಟರ್ಮಿನಲ್ ಅಲ್ಲೇ ಇದೆ, ಟವರ್ ಕೂಡ ಇದೆ. ಹಾಗಾದರೆ ಇಷ್ಟು ದುಡ್ಡು, ಇಷ್ಟು ವರ್ಷ ಯಾಕೆ?

ಯಾಕೆಂದರೆ ನಿಲ್ದಾಣ ಅಂದರೆ ನಾವು ನೋಡುವ ಕಟ್ಟಡ ಅದರ ಸಣ್ಣ ಭಾಗ. ಲೈಸೆನ್ಸ್ ಹೋಗಿರುತ್ತದೆ. ಸುತ್ತಲಿನ ಆಕಾಶವನ್ನು ಆ ನಿಲ್ದಾಣಕ್ಕೆ ಅಂತ ಕಾದಿರಿಸಿರುತ್ತಾರೆ, ಅದನ್ನು ಮತ್ತೆ ಕೇಳಿ ಪಡೆಯಬೇಕು. ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರು ಬೇರೆ ಊರಿಗೆ ಹೋಗಿ ಮನೆ ಮಾಡಿರುತ್ತಾರೆ. ಅವರನ್ನು ತಯಾರು ಮಾಡುವುದಕ್ಕೇ ವರ್ಷಗಳು ಬೇಕು. ಏರ್‌ಲೈನಿನವರಂತೂ ವಿಮಾನವನ್ನು ಸುಮ್ನೆ ನಿಲ್ಲಿಸಿಕೊಂಡು ನಿಮಗಾಗಿ ಕಾಯುವುದಿಲ್ಲ.

ಒಂದು ಸಣ್ಣ ನಿಲ್ದಾಣಕ್ಕೆ ದಿನಕ್ಕೆ ಒಂದೇ ಒಂದು ಎಟಿಆರ್ ಬರುತ್ತದೆ ಅಂತ ಇಟ್ಟುಕೊಳ್ಳಿ. ರೆಕ್ಕೆಗೆ ಫ್ಯಾನ್ ಇರುವ ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ. ಹನ್ನೊಂದು ಗಂಟೆಗೆ ಬಂದು ಹನ್ನೊಂದೂವರೆಗೆ ಹೋಗುತ್ತದೆ. ಈ ಅರ್ಧ ಗಂಟೆಗಾಗಿ ಬೆಳಿಗ್ಗೆಯೇ ಒಂದು ಜೀಪು ರನ್‌ವೇ ಉದ್ದಕ್ಕೂ ಹೋಗಿ ಕಲ್ಲು, ಬೋಲ್ಟು, ನಾಯಿ, ಹಕ್ಕಿ ಏನಾದರೂ ಇದೆಯಾ ಅಂತ ನೋಡಿ ಬರಬೇಕು. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ, ವಾರ ಬಿಟ್ಟರೆ ಹುಲ್ಲು ಮೊಣಕಾಲು ಮುಟ್ಟುತ್ತದೆ. ಹುಲ್ಲಿದ್ದರೆ ಹುಳ, ಹುಳ ಇದ್ದರೆ ಹಕ್ಕಿ. ಹಕ್ಕಿ ಎಂಜಿನ್ನಿಗೆ ಹೋದರೆ ಕಥೆ ಮುಗಿಯಿತು. ಹಾಗಾಗಿ ಹುಲ್ಲು ಕತ್ತರಿಸುವುದೂ ಸುರಕ್ಷತೆಯ ಕೆಲಸವೇ. ಹವಾಮಾನದವರು ಗಾಳಿ, ಮೋಡ, ಎಷ್ಟು ದೂರ ಕಾಣುತ್ತದೆ ಅಂತ ಬರೆದು ಕಳಿಸುತ್ತಿರಬೇಕು. ಬ್ಯಾಗು ನೋಡುವ ಯಂತ್ರದ ಮುಂದೆ ಜನ ಬೇಕು, ಮಹಿಳಾ ಸಿಬ್ಬಂದಿ ಬೇಕೇ ಬೇಕು.

ಎಲ್ಲಕ್ಕಿಂತ ಜಾಸ್ತಿ ಖರ್ಚಿನ ಬಾಬ್ತುಗಳಲ್ಲಿ ಒಂದು ಅಗ್ನಿಶಾಮಕ ದಳ. ಬರುವ ವಿಮಾನದ ಉದ್ದ, ಅಗಲ ನೋಡಿ ಎಷ್ಟು ವಾಹನ, ಎಷ್ಟು ನೀರು, ಎಷ್ಟು ನೊರೆ ಇರಬೇಕು ಅಂತ ನಿಯಮವೇ ಇದೆ. ರನ್‌ವೇಯ ಯಾವ ತುದಿಗಾದರೂ 3 ನಿಮಿಷದೊಳಗೆ ತಲುಪಿ ನೊರೆ ಹಾರಿಸಬೇಕು. ವಿಮಾನದಲ್ಲಿ ಎಪ್ಪತ್ತು ಜನ ಇರಲಿ, ಏಳು ಜನ ಇರಲಿ, ಆ ದಳ ಅಷ್ಟೇ ಇರಬೇಕು. ನಮ್ಮ ಉಡುಪಿಯ ಹೋಟೆಲಿನವರಿಗೆ ಇದು ಬೇಗ ಅರ್ಥವಾಗುತ್ತದೆ: ಗಿರಾಕಿ ಬರಲಿ ಬಿಡಲಿ, ಒಲೆ ಹೊತ್ತಿಸಿಡಲೇಬೇಕು. 2010ರ ಮೇ 22ರಂದು ಬಜ್ಪೆಯಲ್ಲಿ 158 ಜನರನ್ನು ಕಳೆದುಕೊಂಡ ನಾವು, ಈ ಖರ್ಚು ಸ್ವಲ್ಪ ಕಮ್ಮಿ ಮಾಡಿ ಅಂತ ಯಾವ ಬಾಯಲ್ಲೂ ಹೇಳುವ ಹಾಗಿಲ್ಲ.

ಈಗ ಆದಾಯಕ್ಕೆ ಬರೋಣ. ನಮ್ಮ ದೇಶದಲ್ಲಿ 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕವೇ ಇಲ್ಲ. ಸಣ್ಣ ಊರುಗಳಿಗೆ ವಿಮಾನ ಹೋಗಲಿ ಅಂತ ಮಾಡಿದ ಒಳ್ಳೆಯ ನಿಯಮ. ಆದರೆ ಸಣ್ಣ ಊರಿನ ನಿಲ್ದಾಣಕ್ಕೆ ಬರುವುದೇ ಅಂಥ ವಿಮಾನ! ಇನ್ನು ಉಳಿದದ್ದು ಅಂಗಡಿ ಬಾಡಿಗೆ, ಪಾರ್ಕಿಂಗ್. ದಿನಕ್ಕೆ ಅರ್ಧ ಗಂಟೆ ಜನ ಇರುವ ಕಡೆ ಚಹಾ ಅಂಗಡಿ ಇಡುವವರಾದರೂ ಯಾರು? ಬಜ್ಪೆ ಉಸಿರಾಡುತ್ತಿರುವುದು ಕೊಲ್ಲಿಯಿಂದ. 2006ರಲ್ಲಿ ದೊಡ್ಡ ರನ್‌ವೇ ಆಯಿತು, ಅದೇ ವರ್ಷ ದುಬೈಗೆ ವಿಮಾನ ಶುರುವಾಯಿತು. ಈಗ ವರ್ಷಕ್ಕೆ 20 ಲಕ್ಷ ದಾಟಿ ಜನ ಓಡಾಡುತ್ತಾರೆ. ನಮ್ಮ ಪ್ರತಿ ಮನೆಯಲ್ಲೂ ಒಬ್ಬರು ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಹಾಗೆ ಎಲ್ಲ ಊರಲ್ಲೂ ಇರುವುದಿಲ್ಲ.

ಮೈಸೂರು ನೋಡಿ. ಬಜ್ಪೆಯ ಈಗಿನ ಟರ್ಮಿನಲ್ ಮತ್ತು ಮೈಸೂರಿನ ಮಂಡಕಳ್ಳಿ ನಿಲ್ದಾಣ, ಎರಡೂ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲೇ. ಮಂಡಕಳ್ಳಿ ಮಹಾರಾಜರ ಕಾಲದ ಜಾಗ. ಎಂಬತ್ತರ ದಶಕದಲ್ಲಿ ವಾಯುದೂತ್ ಕಂಪನಿಯ ವಿಮಾನ ಹಾರಿ, ನಿಂತು, ಹಾಳು ಬಿದ್ದಿದ್ದನ್ನು ಹೊಸದು ಮಾಡಿದ್ದು. ಆ ವರ್ಷ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು. 2011 ಮುಗಿಯುವ ಮೊದಲೇ ಹೋಯಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, 2014ರಲ್ಲಿ ಹೋಯಿತು. 2017ರಲ್ಲಿ, ಸಣ್ಣ ಊರುಗಳಿಗೆ ವಿಮಾನ ಹೋಗಲಿ ಅಂತ ಸರಕಾರ ಮಾಡಿದ ಉಡಾನ್ ಯೋಜನೆಯಲ್ಲಿ, ಟ್ರೂಜೆಟ್ ಬಂತು. ಆ ಕಂಪನಿಯೇ 2022ರಲ್ಲಿ ನಿಂತುಹೋಯಿತು. ಪ್ರತಿ ಸಲವೂ ಮೊದಲ ವಿಮಾನಕ್ಕೆ ಹೂವಿನ ಹಾರ, ಫೋಟೋ. ನಿಂತ ದಿನ ಮಾತ್ರ ಫೋಟೋಗ್ರಾಫರ್ ಬರುವುದಿಲ್ಲ.

ಮೈಸೂರಿನ ತೊಂದರೆ ಎರಡು. ಒಂದು, ರನ್‌ವೇ 1,740 ಮೀಟರ್ ಅಷ್ಟೇ. ಏರ್‌ಬಸ್, ಬೋಯಿಂಗ್‌ನಂಥ ದೊಡ್ಡ ವಿಮಾನ ಓಡಿಸುವವರಿಗೆ ಅದು ಸಾಲದು. ಉದ್ದ ಮಾಡೋಣ ಅಂದರೆ ಆ ಕಡೆ ನಂಜನಗೂಡಿಗೆ ಹೋಗುವ ಹೆದ್ದಾರಿ ಮತ್ತು ರೈಲು ಹಳಿ. ಎರಡನೆಯದು ಬೆಂಗಳೂರು. ಮೈಸೂರಿನಿಂದ ಬೆಂಗಳೂರಿಗೆ ಯಾರು ವಿಮಾನದಲ್ಲಿ ಹೋಗುತ್ತಾರೆ ಹೇಳಿ? ಇಳಿಯುವುದು ದೇವನಹಳ್ಳಿಯಲ್ಲಿ, ಊರಿನ ಆ ತುದಿಗೆ. ಅಲ್ಲಿಂದ ಜಯನಗರ ಮುಟ್ಟುವುದರೊಳಗೆ ಮೈಸೂರಿನಿಂದ ಕಾರಿನಲ್ಲಿ ಹೊರಟವರು ಊಟ ಮುಗಿಸಿ ಮಲಗಿರುತ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಆದ ಮೇಲಂತೂ ಕೇಳುವುದೇ ಬೇಡ. ಮೈಸೂರಿಗೆ ಬೇಕಾದದ್ದು ಹೈದರಾಬಾದ್, ಚೆನ್ನೈ, ಗೋವಾ ಥರದ ನೇರ ವಿಮಾನ. ಅದು ದಿನಾ ಇರಬೇಕು, ಹೇಳಿದ ಹೊತ್ತಿಗೆ ಇರಬೇಕು.

ಉಡಾನ್ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಣ್ಣ ನಿಲ್ದಾಣಗಳ ಜೀವ ಈಗ ಅದರ ಕೈಯಲ್ಲಿದೆ. 2016ರಲ್ಲಿ ಘೋಷಣೆಯಾಯಿತು. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿ ಅಂತ ಕೆಲವು ಸೀಟುಗಳಿಗೆ ದರ ಕಟ್ಟಿದರು. ಅದರಿಂದಾಗುವ ಕೊರತೆಯನ್ನು ಸರಕಾರ ಏರ್‌ಲೈನಿಗೆ ತುಂಬಿಕೊಡುತ್ತದೆ. ಆ ಹಣದ ದೊಡ್ಡ ಪಾಲು ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ತೆರಿಗೆಯಿಂದ. ಅಂದರೆ ಮುಂಬೈ–ದೆಹಲಿ ಪ್ರಯಾಣಿಕ ಬೀದರಿನ ಪ್ರಯಾಣಿಕನಿಗೆ ಸ್ವಲ್ಪ ಕೊಡುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ, ನನಗೆ ಸರಿ ಅನಿಸುತ್ತದೆ. ಆದರೆ ಈ ಸಹಾಯ ಮೂರು ವರ್ಷಕ್ಕೆ ಮಾತ್ರ. ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನುವುದು ಯೋಜನೆಯ ನಂಬಿಕೆ.

ನಿಂತಿತಾ? 2023ರಲ್ಲಿ ಸಿಎಜಿ, ಅಂದರೆ ಸರಕಾರದ ಲೆಕ್ಕ ಪರಿಶೋಧಕರು, ವರದಿ ಕೊಟ್ಟರು. ಅವರು ನೋಡಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರ್ತಿ ಓಡಿದ್ದು 112. ಸಹಾಯ ನಿಂತ ಮೇಲೂ ಓಡುತ್ತಿದ್ದದ್ದು, 2023ರ ಮಾರ್ಚ್‌ಗೆ, ಬರೀ 54. ನಾನು ಈ ಸಂಖ್ಯೆ ಹೇಳಿದಾಗ ಕೆಲವರಿಗೆ ಸಿಟ್ಟು ಬರುತ್ತದೆ, ನೀವು ಅಭಿವೃದ್ಧಿಗೆ ಅಡ್ಡ ಅಂತ. ಅಡ್ಡ ಅಲ್ಲ ಮಾರಾಯ್ರೆ. ಮೂರು ವರ್ಷದ ದುಡ್ಡು ಎಲ್ಲಿಂದ ಅಂತ ಎಲ್ಲರೂ ಹೇಳುತ್ತಾರೆ, ನಾಲ್ಕನೇ ವರ್ಷದ್ದು ಯಾರು ಕೊಡುತ್ತಾರೆ ಅಂತ ಮೊದಲೇ ಬರೆದಿಡಿ ಅನ್ನುವುದಷ್ಟೇ ನನ್ನ ವಾದ.

ಬೀದರಿನಲ್ಲಿ ಅದು ಕಣ್ಣೆದುರೇ ನಡೆಯಿತು. 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಟ್ರೂಜೆಟ್ ಶುರುವಾಯಿತು. ಕಂಪನಿ ಮುಳುಗಿದಾಗ ನಿಂತಿತು. 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ನಿಂತಿತು. ಒಂದು ವರ್ಷಕ್ಕೂ ಮೇಲೆ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನವೇ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು, ಈ ಸಲ ರಾಜ್ಯ ಸರಕಾರದ ಕಡೆಯಿಂದಲೇ ಸಹಾಯ ಕೊಟ್ಟು. ಇಲ್ಲಿ ನಾನು ಸರಕಾರದ ಪರ. ಬೀದರಿನವರು ರೈಲು ಹತ್ತಿದರೆ ಬೆಂಗಳೂರು ಮುಟ್ಟಲು ಒಂದು ರಾತ್ರಿ ಪೂರ್ತಿ ಬೇಕು. ಹೈದರಾಬಾದಿಗೆ ಹೋಗಿ ಹಾರಿದರೂ ಅರ್ಧ ದಿನ. ಅಂಥ ಊರಿಗೆ ವರ್ಷಕ್ಕೆ ಇಷ್ಟು ಕೋಟಿ ಕೊಡುತ್ತೇವೆ ಅಂತ ಬಜೆಟ್ಟಿನಲ್ಲಿ ಬರೆದು, ಪ್ರತಿ ವರ್ಷ ಕೊಟ್ಟರೆ ಅದು ಸರಿಯಾದ ಖರ್ಚು. ಸರಕಾರಿ ಬಸ್ಸು ಎಷ್ಟೋ ಹಳ್ಳಿಗೆ ನಷ್ಟದಲ್ಲೇ ಹೋಗುತ್ತದಲ್ವಾ?

ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಜನ ಇಲ್ಲದೆ ಮುಚ್ಚಿದ್ದಲ್ಲ, ಜನ ಉಕ್ಕುತ್ತಿರುವಾಗಲೇ ಮುಚ್ಚಿದ್ದು. ದೇವನಹಳ್ಳಿ ನಿಲ್ದಾಣ 2008ರ ಮೇ 24ಕ್ಕೆ ಶುರುವಾಯಿತು, ಆ ರಾತ್ರಿಗೇ ಎಚ್‌ಎಎಲ್‌ನಿಂದ ಸಾಮಾನ್ಯ ಪ್ರಯಾಣಿಕ ವಿಮಾನ ಬಂದ್. ಖಾಸಗಿಯವರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ನಿಲ್ದಾಣಕ್ಕೆ ತಡೆ ಇದೆ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಅಂದರೆ 2033ರ ತನಕ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಆಗ ಬೀದಿಗಿಳಿದು ಪ್ರತಿಭಟಿಸಿದವರು ಇದ್ದರು, ಕೋರ್ಟಿಗೆ ಹೋದವರೂ ಇದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಎಚ್‌ಎಎಲ್ ಅನ್ನು ಹಳೆಯ ಹಾಗೆ ಪೂರ್ತಿ ತೆರೆಯುವುದು ಬೇಡ. ಅಲ್ಲಿ ಯುದ್ಧವಿಮಾನಗಳ ಪರೀಕ್ಷೆ ನಡೆಯುತ್ತದೆ, ಸುತ್ತ ಊರು ಬೆಳೆದು ನಿಂತಿದೆ. ಆದರೆ ಎಟಿಆರ್‌ನಂಥ ಸಣ್ಣ ವಿಮಾನಗಳಿಗೆ, ಕರ್ನಾಟಕದ ಸಣ್ಣ ಊರುಗಳಿಂದ ಬರುವವಕ್ಕೆ, ದಿನಕ್ಕೆ ಇಷ್ಟು ಅಂತ ಬಿಟ್ಟುಕೊಟ್ಟರೆ? ಶಿವಮೊಗ್ಗ, ಬೀದರ್, ಕಲಬುರಗಿಯ ಮಾರ್ಗಗಳಿಗೆ ಜೀವ ಬರಬಹುದು. ಶಿವಮೊಗ್ಗದ ರನ್‌ವೇ 3,200 ಮೀಟರ್, ನಮ್ಮ ಬಜ್ಪೆಗಿಂತ ಎಷ್ಟೋ ಉದ್ದ. 2023ರ ಆಗಸ್ಟ್ ಕೊನೆಗೆ ಪ್ರಯಾಣಿಕ ಸೇವೆ ಶುರುವಾದಾಗ ಅಲ್ಲಿ ಮೊದಲು ಇಳಿದದ್ದು ಮಾತ್ರ ಬೆಂಗಳೂರಿನಿಂದ ಬಂದ ಎಟಿಆರ್. ರನ್‌ವೇ ಉದ್ದ ಇದ್ದ ಮಾತ್ರಕ್ಕೆ ದೊಡ್ಡ ವಿಮಾನ ಬರುವುದಿಲ್ಲ. ಇಳಿಯುವ ತುದಿಯಲ್ಲಿ ಊರು ಹತ್ತಿರ ಇದ್ದರೆ ಜನ ಬರುತ್ತಾರೆ.

ನಮ್ಮ ಪಕ್ಕದ ಕಣ್ಣೂರನ್ನೂ ಮರೆಯಬೇಡಿ. 2018ರ ಡಿಸೆಂಬರ್‌ನಲ್ಲಿ ತೆರೆದರು, 3,050 ಮೀಟರ್ ರನ್‌ವೇ, ಭರ್ಜರಿ ಟರ್ಮಿನಲ್. ಕೊಲ್ಲಿಗೆ ಹೋಗುವ ಜನ ನಮ್ಮಷ್ಟೇ ಅಥವಾ ನಮಗಿಂತ ಜಾಸ್ತಿ. ಆದರೆ ವಿದೇಶಿ ಏರ್‌ಲೈನ್‌ಗಳಿಗೆ ಅಲ್ಲಿಗೆ ಹಾರಲು ಕೇಂದ್ರದ ಅನುಮತಿ ಸಿಗಲಿಲ್ಲ. ಹಾಗಾಗಿ ನಮ್ಮ ದೇಶದ ಒಂದೆರಡು ಕಂಪನಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. 2023ರ ಮೇನಲ್ಲಿ ಗೋ ಫಸ್ಟ್ ದಿಢೀರ್ ನಿಂತಾಗ ದೊಡ್ಡ ಪೆಟ್ಟು ಬಿತ್ತು. ಜನ ಇದ್ದಾರೆ, ರನ್‌ವೇ ಇದೆ, ಒಂದು ಅನುಮತಿ ಇಲ್ಲ. ಇದು ದುಡ್ಡಿನಿಂದ ಬಗೆಹರಿಯುವ ಸಮಸ್ಯೆಯೂ ಅಲ್ಲ.

ಇನ್ನು ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಎದ್ದು ಕೇಳಿದರು: "ಹಾಗಾದರೆ ನಷ್ಟದ ನಿಲ್ದಾಣ ಮಾರಿಬಿಡುವುದೇ ಒಳ್ಳೆಯದಲ್ವಾ? ಜಾಗಕ್ಕೆ ಬೆಲೆ ಉಂಟಲ್ಲ."

ಸಾರ್, ಜಾಗ ಮಾತ್ರ ಬಿಡಬಾರದು ಅಂದೆ. ಇಂಗ್ಲೆಂಡಿನಲ್ಲೇ ಮ್ಯಾನ್‌ಸ್ಟನ್ ಅಂತ ಇನ್ನೊಂದು ನಿಲ್ದಾಣ ಇದೆ. 2013ರಲ್ಲಿ ಒಂದು ಪೌಂಡಿಗೆ ಮಾರಾಟವಾಯಿತು, ಒಂದೇ ಪೌಂಡು. 2014ರ ಮೇನಲ್ಲಿ ಮುಚ್ಚಿತು. ಅಲ್ಲಿಂದ ಮನೆ ಕಟ್ಟುವುದಾ, ಸರಕು ವಿಮಾನ ತರುವುದಾ ಅಂತ ಜಗಳ. ಸರಕಾರ 2020ರಲ್ಲಿ ಕೊಟ್ಟ ಅನುಮತಿಯನ್ನು ಕೋರ್ಟ್ ರದ್ದು ಮಾಡಿತು, 2022ರಲ್ಲಿ ಮತ್ತೆ ಕೊಟ್ಟರು. ಡಾಂಕಾಸ್ಟರ್‌ನವರು ಮಾಡಿದ ಜಾಣತನ ಅಂದರೆ, ಮೊದಲು ಜಾಗವನ್ನು ಲೀಸಿಗೆ ಹಿಡಿದುಕೊಂಡದ್ದು. ವಿಮಾನ ಇಲ್ಲದಿದ್ದರೂ ರನ್‌ವೇ ಅಗೆಯಲು ಬಿಡಲಿಲ್ಲ. ನಮ್ಮಲ್ಲಿ ಅಷ್ಟು ಉದ್ದದ ಸಮತಟ್ಟು ಜಾಗ ಒಮ್ಮೆ ಸೈಟು, ಲೇಔಟ್ ಅಂತ ಹೋದರೆ ಮತ್ತೆ ಒಟ್ಟುಮಾಡುವುದು ಯಾರಿಂದಲೂ ಆಗುವುದಿಲ್ಲ. ಆದರೆ ಜಾಗ ಉಳಿಸುವುದು ಬೇರೆ, ಖಾಲಿ ಟರ್ಮಿನಲ್‌ಗೆ ಗಾಜು ಹಾಕಿಸುತ್ತಾ ಇರುವುದು ಬೇರೆ. ನಾನಾದರೆ ದುಡ್ಡನ್ನು ಮಾರ್ಗಕ್ಕೆ ಕೊಡುತ್ತೇನೆ, ಕಟ್ಟಡಕ್ಕೆ ಕೊಡುವುದಿಲ್ಲ. ದಿನಕ್ಕೆ ಎರಡು ವಿಮಾನ, ಐದು ವರ್ಷ, ಹೊತ್ತು ತಪ್ಪಿದರೆ ದಂಡ, ಹೀಗೆ ಟೆಂಡರ್ ಕರೆಯಬೇಕು.

ಮಣಿಪಾಲದಲ್ಲಿ ಓದುತ್ತಿರುವ ಒಬ್ಬ ಹುಡುಗಿ ಕೇಳಿದಳು: "ನಮ್ಮ ಉಡುಪಿಗೆ ನಿಲ್ದಾಣ ಬೇಡ ಅಂತಲಾ ನೀವು ಹೇಳುವುದು, ಸರ್?"

ಈಗ ಬೇಡ ಅಂತಲೇ ಹೇಳುತ್ತೇನಮ್ಮ. ಮಣಿಪಾಲಕ್ಕೆ ಬರುವ ವಿದ್ಯಾರ್ಥಿಗಳು, ರೋಗಿಗಳು, ಕೊಲ್ಲಿಯಿಂದ ಬರುವ ನಮ್ಮವರು ಎಲ್ಲ ಸೇರಿದರೆ ಬಜ್ಪೆಯ ದೊಡ್ಡ ಪಾಲು ಈ ಕಡೆಯವರೇ. ಅವರನ್ನು ಇಲ್ಲಿಗೆ ಎಳೆದರೆ ಎರಡೂ ನಿಲ್ದಾಣ ಸೊರಗುತ್ತವೆ. ನಿನ್ನ ತೊಂದರೆ ವಿಮಾನದ್ದಲ್ಲ. ಮುಲ್ಕಿ ದಾಟಿ ಕಿನ್ನಿಗೋಳಿ, ಕಟೀಲು ಮೇಲಾಗಿ ಹೋಗುವುದಾ, ಸುರತ್ಕಲ್ ಮೇಲಾಗಿ ಹೋಗಿ ಕೂಳೂರು ಸೇತುವೆಯಲ್ಲಿ ಸಿಕ್ಕಿಹಾಕಿಕೊಳ್ಳುವುದಾ ಅನ್ನುವುದು ನಿನ್ನ ತೊಂದರೆ. ಟ್ಯಾಕ್ಸಿಗೆ ಕೊಡುವ ದುಡ್ಡು ಒಮ್ಮೊಮ್ಮೆ ಬೆಂಗಳೂರಿನ ಟಿಕೆಟ್ಟಿನಷ್ಟೇ ಆಗುತ್ತದೆ. ಡಾಂಕಾಸ್ಟರ್‌ನಲ್ಲೂ ಪಕ್ಕದಲ್ಲೇ ರೈಲು ಹಳಿ ಇತ್ತು, ಒಂದು ಸ್ಟೇಷನ್ ಬೇಕು ಅಂತ ಕೇಳುತ್ತಲೇ ಇದ್ದರು, ಅದು ಆಗಲಿಲ್ಲ.

ಮುಂದಿನ ಸಲ ಮನವಿ ಪತ್ರ ಬರೆಯುವವರು ಇಲ್ಲಿದ್ದರೆ, ಅದರಲ್ಲಿ ಎರಡು ವಿಷಯ ಸೇರಿಸಿ. ಮಣಿಪಾಲದಿಂದ ಬಜ್ಪೆಗೆ ವಿಮಾನದ ಹೊತ್ತಿಗೆ ಹೊಂದುವ ಬಸ್ಸು, ರಾತ್ರಿಯದ್ದೂ ಸೇರಿ, ಸೀಟು ಖಾಲಿ ಹೋದರೂ ಎರಡು ವರ್ಷ ನಿಲ್ಲಿಸಬಾರದು ಅನ್ನುವ ಷರತ್ತಿನ ಮೇಲೆ. ಮತ್ತೆ ಕಿನ್ನಿಗೋಳಿ–ಕಟೀಲು–ಬಜ್ಪೆ ರಸ್ತೆಯನ್ನು ಏರ್‌ಪೋರ್ಟಿಗೆ ಹೋಗುವ ರಸ್ತೆ ಅಂತಲೇ ಪರಿಗಣಿಸಿ, ತಿರುವು ನೇರ ಮಾಡಿ, ಅಗಲ ಮಾಡಿ ಅಂತ. ಎಷ್ಟು ಖರ್ಚಾಗುತ್ತದೆ ಅಂತ ಲೋಕೋಪಯೋಗಿ ಇಲಾಖೆಯವರನ್ನು ಕೇಳಿ. ಅವರು ಹೇಳುವ ಮೊತ್ತವನ್ನು ಹೊಸ ನಿಲ್ದಾಣದ ಅಂದಾಜಿನ ಪಕ್ಕ ಬರೆದು, ಎರಡನ್ನೂ ಒಟ್ಟಿಗೆ ಶಾಸಕರಿಗೂ ಸಂಸದರಿಗೂ ಕೊಡಿ.